ಬಾಣಂತಿ ಹಾಲಿಗೆ ಫ್ಯಾಟ್ ನೋಡಿದ್ದು

ಏನೂ ಗೊತ್ತಿಲ್ಲದವನು ದೇವರ ಮೇಲೆ ಭಾರ ಹಾಕಿ ನೆಮ್ಮದಿಯಾಗಿರುತ್ತಾನೆ. ಅರ್ಧ ಗೊತ್ತಿದ್ದವನು ತಾನೂ ಹೆದರಿ ಮನೆಯವರನ್ನೂ ಹೆದರಿಸುತ್ತಾನೆ. ನಾನು ಈ ಎರಡನೆಯವರ ಪೈಕಿ. ಆಳಂದ ತಾಲೂಕಿನ ನಮ್ಮೂರ ಹಾಲಿನ ಡೇರಿಯಲ್ಲಿ ಹನ್ನೊಂದು ವರ್ಷದಿಂದ ಸೆಕ್ರೆಟರಿ. ಬೆಳಿಗ್ಗೆ ಸಂಜೆ ಹಾಲಿನ ಫ್ಯಾಟ್, ಅಂದರೆ ಬೆಣ್ಣೆಯ ಅಂಶ, ಮಷೀನಿನಲ್ಲಿ ನೋಡುವುದೇ ಕೆಲಸ. ಬೀಗರ ಮನೆಯಲ್ಲಿ ಚಹಾ ಕೊಟ್ಟರೂ ಮನಸ್ಸು ಮೊದಲು ಅದರ ಫ್ಯಾಟ್ ಎಷ್ಟಿರಬಹುದು ಎಂದೇ ಯೋಚಿಸುತ್ತದೆ.

ಇಂಥವನ ಹೆಂಡತಿ ಮಹಾದೇವಿ ನರೋಣಾದ ತವರಿನಲ್ಲಿ ಹಡೆದಳು. ಹೆಣ್ಣು ಕೂಸು, ಅಂಗೈಯಗಲ. ನೋಡಿದ ಕೂಡಲೇ ಸಂತೋಷವಾಯಿತು, ಅದರ ಬೆನ್ನಿಗೇ ಹೆದರಿಕೆ. ಇಷ್ಟು ಸಣ್ಣ ಹೊಟ್ಟೆಗೆ ಹಾಲು ಸರಿಯಾಗಿ ಸಿಗುತ್ತದೋ ಇಲ್ಲವೋ? ಎರಡೂ ಕಡೆ ಸಮನಾಗಿ ಕುಡಿಯಲಿ ಎಂದು ಹಳೆಯ ಮೊಬೈಲಿನಲ್ಲಿ ಐದು ನಿಮಿಷದ ಅಲಾರಂ ಇಟ್ಟುಕೊಟ್ಟೆ. ಅದು ಕೂಗಿದ ಕೂಡಲೇ ಕೂಸನ್ನು ಆ ಕಡೆಯಿಂದ ಈ ಕಡೆಗೆ ಬದಲಿಸಬೇಕು, ಮತ್ತೆ ಕೂಗಿದರೆ ಸಾಕು ಮಾಡಬೇಕು. "ಅಳಿಯಂದ್ರ, ಕೂಸಿನ ಬಾಯಾಗಿಂದ ಕಸಗೊಂಡಂಗ ಆಗ್ತೈತ್ರಿ," ಎಂದರು ಅತ್ತೆ. ಓದಿಲ್ಲದವರು, ಅವರಿಗೇನು ಗೊತ್ತು ಎಂದುಕೊಂಡೆ.

ಮೂರನೇ ವಾರ ತೂಗಿದ ನರ್ಸ್ ಬಾಯಿ ಹುಬ್ಬು ಗಂಟಿಕ್ಕಿದರು. "ತೂಕ ಏರಿಲ್ಲರಿ. ಒಂದು ವಾರ ನೋಡೂಣು." ಕೂಸು ದಿನವೆಲ್ಲ ಕುಡಿಯುತ್ತಿತ್ತು, ದಿನವೆಲ್ಲ ಅಳುತ್ತಿತ್ತು. ಹಾಗಾದರೆ ಹಾಲಿನಲ್ಲೇ ಏನೋ ಕೊರತೆ! ಮಹಾದೇವಿಗೆ ಇದನ್ನೇ ಹೇಳಿ, ಡೇರಿಯಲ್ಲಿ ಫ್ಯಾಟ್ ನೋಡಲು ಸ್ವಲ್ಪ ಹಾಲು ಕೇಳಿದೆ. ಅವಳು ಕೂಸಿಗೆ ಕುಡಿಸುವ ಮೊದಲು ಸಣ್ಣ ಬಾಟಲಿಯಲ್ಲಿ ಒಂದಿಷ್ಟು ಹಾಲು ಹಿಂಡಿ ಕೊಟ್ಟು ಗೋಡೆ ಕಡೆ ತಿರುಗಿ ಕೂತಳು.

ಅದನ್ನು ನಮ್ಮೂರಿಗೆ ತಂದು, ಸಂಜೆ ಡೇರಿಯಲ್ಲಿ ಎಲ್ಲರೂ ಹಾಲು ಹಾಕಿ ಹೋದ ಮೇಲೆ ಸ್ಯಾಂಪಲ್ ಮಷೀನಿಗೆ ಕೊಟ್ಟೆ. ಫ್ಯಾಟ್ ಒಂದೂವರೆ! ಆಕಳ ಹಾಲಿಗೇ ಮೂರೂವರೆ ಬೇಕು. ಆಕಳ ಹಾಲಾಗಿದ್ದರೆ ಕ್ಯಾನು ಸಮೇತ ವಾಪಸು ಕಳಿಸುತ್ತಿದ್ದೆ. ನನ್ನ ಮಗಳ ಊಟ ನನ್ನ ಡೇರಿಯಲ್ಲೇ ನಪಾಸಾಗಿತ್ತು. ಕಣ್ಣಲ್ಲಿ ನೀರೇ ಬಂತು.

"ಯಾರ ಎಮ್ಮೀದರಿ ಇದು? ಭಾಳ ನೀರು ಹಾಕ್ಯಾರ," ಎಂದು ಹಿಂದಿನಿಂದ ದನಿ. ಮರೆತ ಕೊಡ ಒಯ್ಯಲು ಬಂದ ಮಹಬೂಬಬೀ ಚಾಚಿ. ಮೂರು ಎಮ್ಮೆ ಕಟ್ಟಿದವರು, ಆರು ಮಕ್ಕಳನ್ನು ಹಡೆದವರು. ತಡೆಯಲಾಗದೆ ಎಲ್ಲ ಹೇಳಿಬಿಟ್ಟೆ, ಅಲಾರಮ್ಮಿನ ಸಮೇತ.

ಚಾಚಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. "ಯಾ ಅಲ್ಲಾ! ಸೆಕ್ರೆಟರಿ ಸಾಹೇಬ್ರ, ಮೊದಲಿನ ಹಾಲು ತೆಳ್ಳಗ, ಕಡೀ ಹಾಲಿನಾಗ ಬೆಣ್ಣಿ. ಪೂರ್ತಿ ಹಿಂಡ್ರಿ, ಇಲ್ಲಂದ್ರ ಫ್ಯಾಟ್ ಬರಂಗಿಲ್ಲ ಅಂತ ದಿನಾ ನಮಗ ಒದರಾವ್ರು ನೀವಲ್ಲೇನ್ರಿ? ಪಾಪ, ಆ ಕೂಸು ಬೆಣ್ಣಿ ಬರೂ ಹೊತ್ತಿಗೆ ನೀವು ಬಾಯಿ ಬಿಡಿಸಾಕತ್ತೀರಿ!"

ನರ್ಸ್ ಬಾಯಿಗೆ ಫೋನು ಮಾಡಿದೆ. ಅವರು ನಗಲಿಲ್ಲ, ಅದಕ್ಕೇ ಹೆಚ್ಚು ನಾಚಿಕೆಯಾಯಿತು. "ಒಂದು ಕಡೆ ಪೂರ್ತಿ ಕುಡೀಲಿ, ತಾನs ಬಿಡತೈತಿ. ಆಮ್ಯಾಲೆ ಇನ್ನೊಂದು ಕಡೆ ಕೊಡ್ರಿ. ಹಸಿವಾದಾಗೆಲ್ಲ ಕುಡಸ್ರಿ," ಎಂದರು.

ವಾರದ ಮೇಲೆ ತೂಗುವಾಗ ನಾನು ಹೊರಗೆ ಬೇವಿನ ಕಟ್ಟೆಯ ಮೇಲೆ ಕೂತಿದ್ದೆ, ಒಳಗೆ ಹೋಗಲು ಧೈರ್ಯವಿರಲಿಲ್ಲ. "ಏರೈತ್ರಿ, ಚಲೋ ಏರೈತಿ!" ಎಂದು ಅತ್ತೆ ಕೂಗಿದಾಗ ಎದ್ದು ಓಡಿದೆ. ಮಹಾದೇವಿ ಕೂಸಿನ ತಲೆಗೆ ಕುಂಚಿಗೆ ಕಟ್ಟುತ್ತಿದ್ದಳು. ತಲೆ ಎತ್ತದೆಯೇ ಹೇಳಿದಳು: "ನನ್ನ ಹಾಲs ಕೆಟ್ಟದ್ದು, ನನ್ನ ಮಗಳು ನನ್ನಿಂದs ಸೊರಗಾಕತ್ತಾಳ ಅಂತ ದಿನಾ ಅತ್ತೇನ್ರಿ. ನೀವು ಹೇಳಿದ್ರಲ್ಲ, ಖರೇನs ಇರಬೇಕು ಅಂದ್ಕೊಂಡೆ."

ಅಷ್ಟೇ. ಬೈಯಲಿಲ್ಲ. ಈಗ ಮಗಳು ಗುಂಡಗುಂಡಗೆ ಆಗಿದ್ದಾಳೆ, ಅವಳ ಬಗ್ಗೆ ನನಗೆ ಹೆದರಿಕೆಯಿಲ್ಲ. ಆದರೆ ತಿಂಗಳಾಯಿತು, ಮಹಾದೇವಿ ಇನ್ನೂ ಬೈದಿಲ್ಲ. ಒಮ್ಮೆ ಬಾಯಿ ತುಂಬ ಬೈದುಬಿಡಲಿ ಎಂದು ಕಾಯುತ್ತಿದ್ದೇನೆ.