ಕೆಂಪು ದಾರ, ನೀಲಿ ದಾರ ಮತ್ತು ಲಕ್ಕಿ ಎಣ್ಣೆ

ಅನುಮಾನ ಪಡುವವನಿಗೆ ನೆನಪಿನ ಶಕ್ತಿ ಚೆನ್ನಾಗಿರಬೇಕು. ಇಲ್ಲದಿದ್ದರೆ ಯಾವುದರ ಮೇಲೆ ಅನುಮಾನ ಪಟ್ಟಿದ್ದೆ ಎನ್ನುವುದೇ ಮರೆತು, ಎಲ್ಲವನ್ನೂ ನಂಬಿಬಿಡುವ ಅಪಾಯವಿದೆ. ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ ಓದಿ, ಕೊಪ್ಪದಲ್ಲಿ ಮೂವತ್ತು ವರ್ಷ ಪಾಠ ಹೇಳಿದ ನಾನು ಈಗ ಪೇಟೆಗೆ ಹೋಗಿ, ಏನು ಒಯ್ಯಲು ಬಂದೆ ಎಂದು ಅಂಗಡಿಯವನನ್ನೇ ಕೇಳುತ್ತೇನೆ. ಅವನು ಹೆಚ್ಚಾಗಿ ಸರಿಯಾಗಿಯೇ ಹೇಳುತ್ತಾನೆ.

ಹೋದ ವರ್ಷ ನನ್ನ ಹೆಂಡತಿ ಸುಮಿತ್ರೆಗೆ ಆಮವಾತ ಶುರುವಾಯಿತು. ಬೆಳಗ್ಗೆ ಎದ್ದರೆ ಬೆರಳಿನ ಗಂಟುಗಳು ಊದಿಕೊಂಡು ಮಡಚಲು ಬರುತ್ತಿರಲಿಲ್ಲ. ಶಿವಮೊಗ್ಗದ ಡಾಕ್ಟರು ವಾರಕ್ಕೊಂದು ಮಾತ್ರೆ ಬರೆದುಕೊಟ್ಟು, ಗುಣ ಕಾಣಲು ಎರಡು ಮೂರು ತಿಂಗಳು ಬೇಕು, ಬಿಡಬೇಡಿ ಎಂದರು. ಅವಳಿಗೆ ನೋವಿಗಿಂತ ದೊಡ್ಡ ದುಃಖ ಹಾರ್ಮೋನಿಯಂನದ್ದು. ಭಜನಾ ಮಂಡಳಿಯಲ್ಲಿ ಇಪ್ಪತ್ತು ವರ್ಷ ನುಡಿಸಿದ್ದು ಪೆಟ್ಟಿಗೆಯೊಳಗೆ ಗೋಡೆ ಬದಿ ಸೇರಿತು. ಬಲಗೈ ಸ್ವರಗಳ ಮೇಲೆ ಓಡಬೇಕು, ಎಡಗೈ ತಿದಿ ಒತ್ತಬೇಕು. ಎರಡೂ ಒಟ್ಟಿಗೆ ಮುಷ್ಕರ ಹೂಡಿದ್ದವು.

ಆಗ ಅಡ್ಡಗದ್ದೆಯಿಂದ ಅವಳ ತಮ್ಮ ಶ್ರೀಧರ ಬೇಲಿ ಬದಿಯ ಲಕ್ಕಿ ಗಿಡದ ಸೊಪ್ಪು ಹಾಕಿ ಕಾಯಿಸಿದ ಎಣ್ಣೆ ಹಿಡಿದು ಬಂದ.

“ದಿನಾ ತಿಕ್ಕಿ ಭಾವ. ನಮ್ಮ ಅಜ್ಜಿ ಇದ್ರಲ್ಲೇ ತೊಂಬತ್ತು ವರ್ಷ ಓಡಾಡ್ಲಿಲ್ವಾ?”

“ಅಜ್ಜಿಗೆ ಆಮವಾತ ಇತ್ತಾ?”

“ಇರ್ಲಿಲ್ಲ. ಎಣ್ಣೆ ತಿಕ್ತಾ ಇದ್ರಲ್ಲ, ಎಲ್ಲಿಂದ ಬರ್ಬೇಕು ಮಾರಾಯ್ರೆ!”

ಈ ತರ್ಕಕ್ಕೆ ವಿಶ್ವವಿದ್ಯಾಲಯದಲ್ಲಿ ಉತ್ತರ ಕಲಿಸಿರಲಿಲ್ಲ. ಲಕ್ಕಿಯಲ್ಲೂ ಅರಿಸಿನದಲ್ಲೂ ಊತ ತಗ್ಗಿಸಬಲ್ಲ ಅಂಶಗಳನ್ನು ವಿಜ್ಞಾನಿಗಳು ಹುಡುಕುತ್ತಿರುವುದು ನಿಜ. ಆದರೆ ಪ್ರಯೋಗಶಾಲೆಯ ಗಾಜಿನ ತಟ್ಟೆಯಲ್ಲಿ ಹುಲಿಯಾಗಿದ್ದದ್ದು ಮನುಷ್ಯನ ಗಂಟಿಗೆ ಬರುವಾಗ ಬೆಕ್ಕಾಗುವುದೇ ಹೆಚ್ಚು ಎಂದು ಶುರುಮಾಡಿದೆ. “ಪಾಠ ಸಾಕು. ತಿಕ್ತೀರೋ ಇಲ್ವೋ ಹೇಳಿ” ಎಂದಳು ಸುಮಿತ್ರೆ.

ತಿಕ್ಕುವುದೇ ಆದರೆ ಪ್ರಯೋಗವಾಗಿಯೇ ತಿಕ್ಕೋಣವೆಂದು ತೀರ್ಮಾನಿಸಿದೆ. ಹೋಲಿಕೆಗೆಂದು ಬರೀ ಕೊಬ್ಬರಿ ಎಣ್ಣೆಗೆ ಬಸಳೆ ಸೊಪ್ಪು ಹಾಕಿ ಕುದಿಸಿ, ಲಕ್ಕಿ ಎಣ್ಣೆಯದೇ ಹಸಿರು ಬಣ್ಣ ಬರಿಸಿದೆ. ವಾಸನೆಯಿಂದ ಗುಟ್ಟು ರಟ್ಟಾಗದಂತೆ ಎರಡಕ್ಕೂ ಧಾರಾಳವಾಗಿ ಕರ್ಪೂರ ಸೇರಿಸಿದೆ. ಒಂದು ಬಾಟಲಿಗೆ ಕೆಂಪು ದಾರ, ಅದು ಎಡಗೈಗೆ. ಇನ್ನೊಂದಕ್ಕೆ ನೀಲಿ, ಅದು ಬಲಗೈಗೆ. ಯಾವುದರಲ್ಲಿ ಲಕ್ಕಿ ಎಂಬುದನ್ನು ಚೀಟಿಯಲ್ಲಿ ಬರೆದು, ಅವಳ ಕಣ್ಣಿಗೆ ಬೀಳದ ಕಡೆ ಅಡಗಿಸಿದೆ.

ದಿನಾ ಬೆಳಗ್ಗೆ ಮೆಟ್ಟಿಲ ಮೇಲೆ ಕೂತು ಒಂದೊಂದು ಕೈಯನ್ನೂ ಕಾಲು ಗಂಟೆ ತಿಕ್ಕುತ್ತಿದ್ದೆ. ಅವಳು ಮಂಡಳಿಯ ಸುದ್ದಿ, ತವರಿನ ಸುದ್ದಿ ಹೇಳುತ್ತಿದ್ದಳು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ನಾನು ಅರ್ಧ ಗಂಟೆ ಎದ್ದುಹೋಗದೆ ಕೇಳಿದ್ದು ಅದೇ ಮೊದಲು. ಕೈ ಜಿಡ್ಡಾಗಿ ಪೇಪರು ಹಿಡಿಯುವಂತಿರಲಿಲ್ಲವಲ್ಲ.

“ಯಾವ ಕೈ ವಾಸಿ?” ಎಂದು ಕೇಳಿದರೆ, “ಈಗ ನೀವು ತಿಕ್ತಾ ಇರೋದು” ಎನ್ನುತ್ತಿದ್ದಳು. ಇದನ್ನು ನೋಟ್‌ಬುಕ್ಕಿನ ಯಾವ ಕಾಲಮ್ಮಿಗೆ ಹಾಕುವುದು?

ಮೂರನೇ ವಾರ ಯಾವುದು ಲಕ್ಕಿ ಎಂಬುದು ನನಗೇ ಮರೆತುಹೋಯಿತು. ಚೀಟಿ ಎಲ್ಲಿಟ್ಟೆ ಎಂಬುದೂ ಮರೆತಿತ್ತು. ಪಂಚಾಂಗ, ಅಕ್ಕಿ ಡಬ್ಬ, ಹಳೆಯ ಕೋಟು, ಎಲ್ಲವನ್ನೂ ಅವಳಿಗೆ ಕಾಣದಂತೆ ತಡಕಾಡಿದೆ. ಪ್ರಯೋಗ ಮಾಡುವವನಿಗೇ ಉತ್ತರ ಗೊತ್ತಿಲ್ಲದಿದ್ದರೆ ಪ್ರಯೋಗದ ಗುಣಮಟ್ಟ ಇನ್ನೂ ಮೇಲು ಎಂದು ಸಮಾಧಾನ ಮಾಡಿಕೊಂಡೆ.

ಮೂರು ತಿಂಗಳು ಕಳೆದ ಮೇಲೆ ಒಂದು ಸಂಜೆ ಹಿತ್ತಿಲಲ್ಲಿದ್ದಾಗ ಒಳಗಿನಿಂದ ಹಾರ್ಮೋನಿಯಂ ಕೇಳಿಸಿತು. ತಡವರಿಸುತ್ತಿತ್ತು, ಆದರೆ ನಿಲ್ಲಲಿಲ್ಲ. ಓಡಿಬಂದೆ. ಅವಳು ನುಡಿಸುವುದು ಬಿಟ್ಟು, ತೊಡೆಯ ಮೇಲಿದ್ದ ಚೀಟಿ ಎತ್ತಿ ತೋರಿಸಿದಳು.

“ಪೆಟ್ಟಿಗೆ ಒಳಗಿತ್ತು. ನಾನು ಇದನ್ನ ತೆಗೆಯೋದೇ ಇಲ್ಲ ಅಂತ ಮಾಡಿದ್ರಾ?”

ಆ ಕ್ಷಣದಲ್ಲಿ ಚೀಟಿ ಅಲ್ಲಿಟ್ಟದ್ದು ನೆನಪಾಯಿತು. ಯಾಕೆ ಅಲ್ಲಿಟ್ಟೆ ಎನ್ನುವುದೂ. ಎಣ್ಣೆಯ ಮೇಲೆ ಅನುಮಾನ ಪಟ್ಟೆ ಎಂದುಕೊಂಡಿದ್ದವನು ಅವಳ ಕೈಗಳ ಮೇಲೇ ಅನುಮಾನ ಪಟ್ಟಿದ್ದೆ. ಮುಖ ಮರೆಸಿಕೊಳ್ಳಲು ಚೀಟಿ ಓದಿದೆ. ನನ್ನದೇ ಅಕ್ಷರ: “ಕೆಂಪು ದಾರ — ಲಕ್ಕಿ. ಸರಿಯಾಗಿ ನೆನಪಿಲ್ಲ, ಮೂಸಿ ನೋಡಿ ಖಚಿತಪಡಿಸಿಕೊಳ್ಳುವುದು.”

ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಡಾಕ್ಟರು ಮಾತ್ರೆಯ ಗುಣ ಎಂದರು, ಶ್ರೀಧರ ಲಕ್ಕಿಯ ಗುಣ ಎಂದ. ಮಾತ್ರೆ ಈಗಲೂ ತಪ್ಪದೆ ನಡೆಯುತ್ತಿದೆ; ವಾರ ನೆನಪಿಟ್ಟುಕೊಳ್ಳುವವಳು ಅವಳೇ ಆದ್ದರಿಂದ ಭಯವಿಲ್ಲ. ನಾನು ಬೆಳಗ್ಗೆ ಎರಡೂ ಕೈ ತಿಕ್ಕುತ್ತೇನೆ. ಬಾಟಲಿಗಳ ದಾರ ಬಿಚ್ಚಿಹಾಕಿದ್ದೇನೆ. ಬಿಚ್ಚಿದ್ದು ನಾನೇ ಇರಬೇಕು.