ಸಾರ್, ಸ್ಟ್ಯಾಂಡ್

ಪರೋಪಕಾರವನ್ನು ನಾನು ಇಪ್ಪತ್ತೆರಡು ವರ್ಷಗಳಿಂದ ಪಾಠ ಮಾಡುತ್ತಿದ್ದೇನೆ. ಮಾಡಿ ಅಭ್ಯಾಸ ಮಾತ್ರ ಕಡಿಮೆ. ಜಯನಗರದ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು ನಾನು. ಪ್ರತಿ ವರ್ಷ ಅದೇ ನೋಟ್ಸು, ಅದೇ ಅಳಿಲು. ಆ ಅಳಿಲು ಹದ್ದನ್ನು ಕಂಡ ಕೂಡಲೇ ಕಿರುಚಿ ಉಳಿದವನ್ನು ಎಚ್ಚರಿಸುತ್ತದೆ. ಕಿರುಚಿದ ತಪ್ಪಿಗೆ ತಾನೇ ಹದ್ದಿನ ಕಣ್ಣಿಗೆ ಬೀಳುತ್ತದೆ. ಇಂಥ ಪೆದ್ದು ಗುಣ ಇಷ್ಟು ಕಾಲ ಹೇಗೆ ಉಳಿಯಿತು? ಉತ್ತರ ನನಗೆ ಬಾಯಿಪಾಠ. ಉಳಿದವು ಅದರ ಬಂಧುಗಳು, ಅವು ಬದುಕಿದರೆ ಮನೆತನ ಉಳಿಯುತ್ತದೆ. ಬಂಧುಗಳಲ್ಲದಿದ್ದರೆ ಬಾವಲಿಯ ಪದ್ಧತಿ: ಇವತ್ತು ಹಸಿದ ಗೆಳೆಯನಿಗೆ ಗುಟುಕು ಕೊಟ್ಟರೆ ನಾಳೆ ಅವನು ನನಗೆ ಕೊಡುತ್ತಾನೆ. ಇದನ್ನು ಕೇಳಿದ ನನ್ನ ಹೆಂಡತಿ, "ಮದುವೇಲಿ ಮುಯ್ಯಿ ಮಾಡ್ತೀವಲ್ಲ, ಹಾಗೆ" ಎಂದಿದ್ದಳು. ಅಂದಿನಿಂದ ಆ ಉದಾಹರಣೆಯನ್ನು ತರಗತಿಯಲ್ಲಿ ನನ್ನದೆಂದೇ ಹೇಳಿಕೊಂಡು ಬಂದಿದ್ದೇನೆ.

ಈ ಸಲ ಸಂಗೀತಾ ಎದ್ದು ನಿಂತಳು. ವಿಜಯಪುರದ ಕಡೆಯ ಹುಡುಗಿ, ಅಕ್ಕನ ಜೊತೆ ಬಿಟಿಎಂನಲ್ಲಿ ಬಾಡಿಗೆಗಿದ್ದಾಳೆ. "ಸರ, ಇಲ್ಲಿ ಸ್ಕೂಟರ್ ಸ್ಟ್ಯಾಂಡ್ ಎತ್ತಲಾರದ ಹೊಂಟ್ರ ಯಾರ್ಯಾರೋ 'ಸ್ಟ್ಯಾಂಡ್, ಸ್ಟ್ಯಾಂಡ್' ಅಂತ ಒದರತಾರಲ್ಲರಿ. ಅವರು ಬಂಧುಗಳೂ ಅಲ್ಲ, ತಿರುಗಿ ಸಿಗೋದೂ ಇಲ್ಲ. ಮತ್ತ್ಯಾಕ ಒದರತಾರ?" ಇಡೀ ತರಗತಿ ನನ್ನ ಮುಖ ನೋಡಿತು. "ಸೋಮವಾರ ಹೇಳ್ತೀನಿ" ಎಂದೆ. ಇಪ್ಪತ್ತೆರಡು ವರ್ಷದ ಮಾನ ಸೋಮವಾರಕ್ಕೆ ಬಂದು ನಿಂತಿತು.

ಶನಿವಾರ ಬೆಳಗ್ಗೆ ಪ್ರಯೋಗಕ್ಕೆ ಹೊರಟೆ. ಬೇಕೆಂದೇ ಸ್ಟ್ಯಾಂಡ್ ಇಳಿಸಿಕೊಂಡು ಸಾರಕ್ಕಿಯ ನಮ್ಮ ಮನೆಯಿಂದ ಜಯನಗರದ ನಾಲ್ಕನೇ ಬ್ಲಾಕಿಗೆ ಹೋಗುವುದು, ಕೂಗಿದವರನ್ನು ಹಿಡಿದು ಕಾರಣ ಕೇಳುವುದು. ನನ್ನದು ಹಳೆಯ ಸ್ಕೂಟರು. ಸ್ಟ್ಯಾಂಡ್ ಎತ್ತದಿದ್ದರೆ ಹೊರಡುವುದಿಲ್ಲ ಎಂದು ಹೊಸ ಗಾಡಿಗಳಂತೆ ಹಟ ಮಾಡುವುದಿಲ್ಲ. ಎಡಕ್ಕೆ ತಿರುಗುವಾಗ ಸ್ಟ್ಯಾಂಡ್ ನೆಲಕ್ಕೆ ತಗುಲಿದರೆ ಬೀಳುವುದು ಖಾತ್ರಿಯಾದ್ದರಿಂದ ತಿರುವುಗಳಲ್ಲಿ ಇಳಿದು ಗಾಡಿ ತಳ್ಳಿಕೊಂಡು ಹೋದೆ. "ಇದಕ್ಕಿಂತ ನಡ್ಕೊಂಡೇ ಹೋಗ್ಬಹುದಿತ್ತಲ್ರೀ" ಎಂದು ಹೆಂಡತಿ ಆಮೇಲೆ ಕೇಳಿದಳು. ವಿಜ್ಞಾನದ ವಿಷಯ ಅವಳಿಗೆ ತಿಳಿಯುವುದಿಲ್ಲ ಎಂದುಕೊಂಡೆ.

ಮೊದಲು ಕೂಗಿದ ಯುವಕನನ್ನು ಸಿಗ್ನಲ್ಲಿನಲ್ಲಿ ಹಿಡಿದು, ಯಾಕೆ ಕೂಗಿದೆಯಪ್ಪಾ ಎಂದು ಕೇಳಿದೆ. "ಯಾಕೆ ಅಂದ್ರೆ? ಸ್ಟ್ಯಾಂಡ್ ಕೆಳಗಿತ್ತಲ್ಲ ಅಂಕಲ್" ಎಂದ. ಆಟೋದವರೊಬ್ಬರು, "ನೀವು ಬಿದ್ರೆ ನನ್ ಸಿಗ್ನಲ್ ಹೋಗತ್ತೆ ಸಾರ್" ಎಂದಾಗ, ಸದ್ಯ ಒಂದಾದರೂ ಸ್ವಾರ್ಥ ಸಿಕ್ಕಿತಲ್ಲ ಎಂದು ಖುಷಿಯಾಯಿತು. ಹೂವಿನ ಚೀಲ ಹಿಡಿದು ರಸ್ತೆ ದಾಟುತ್ತಿದ್ದ ಹೆಂಗಸೊಬ್ಬರು ಎರಡು ಸಲ ಹೇಳಿದರು. ನಾನು ಎತ್ತದಿದ್ದಾಗ ಗಾಡಿಗೆ ಅಡ್ಡ ಬಂದು ನಿಂತು, ತಾವೇ ಕಾಲಿನಿಂದ ಸ್ಟ್ಯಾಂಡ್ ಒದ್ದು ಮೇಲಕ್ಕೆತ್ತಿ, "ವಯಸ್ಸಾದ್ಮೇಲೆ ಹೇಳಿದ್ದಾದ್ರೂ ಕೇಳ್ಬೇಕು" ಎಂದು ಬೈದು ಹೋದರು. ಪ್ರಯೋಗ ಅಲ್ಲಿಗೆ ಮುಗಿಯಿತು.

ವಾಪಸು ಬರುವಾಗ ನನ್ನ ಪಕ್ಕದಲ್ಲೇ ಒಬ್ಬ ಹಿಂದಿನ ಸೀಟಿಗೆ ಆರು ಟ್ರೇ ಮೊಟ್ಟೆ ಕಟ್ಟಿಕೊಂಡು ಹೋಗುತ್ತಿದ್ದ. ಸ್ಟ್ಯಾಂಡ್ ಕೆಳಗಿತ್ತು, ಮುಂದೆ ಎಡ ತಿರುವು. ನನಗೆ ರೋಮಾಂಚನವಾಯಿತು. ಈಗ ನಾನೇ ಆ ಅಳಿಲು. ಕೂಗುವ ಮುಂಚೆ ನನ್ನೊಳಗೆ ಏನಾಗುತ್ತದೆಂದು ಗಮನವಿಟ್ಟು ನೋಡಬೇಕು ಎಂದುಕೊಂಡೆ. ಇವನು ಬಂಧುವಲ್ಲ. ಮತ್ತೆ ಸಿಗುವವನಲ್ಲ. ಹಾಗಾದರೆ ಯಾವ ಪ್ರೇರಣೆಯಿಂದ ನಾನು ಕೂಗುತ್ತೇನೆ ಎಂದು ಹುಡುಕುತ್ತಿರುವಾಗಲೇ ಅವನು ಇಂಡಿಕೇಟರ್ ಹಾಕಿದ. ಅಷ್ಟರಲ್ಲಿ ಹಿಂದಿನಿಂದ, "ಅಣ್ಣಾ, ಸ್ಟ್ಯಾಂಡ್" ಎಂಬ ಕೂಗು ಬಂತು. ಮೊಟ್ಟೆಯವನು ಸ್ಟ್ಯಾಂಡ್ ಎತ್ತಿ, ಕೈಯೆತ್ತಿ, ಸಲೀಸಾಗಿ ತಿರುಗಿಹೋದ. ಕೂಗಿದ್ದು ಬೆಳಗಿನ ಅದೇ ಆಟೋದವರು. "ಪಕ್ಕದಲ್ಲೇ ಇದ್ರಲ್ಲ ಸಾರ್, ನೋಡ್ಲಿಲ್ವಾ?" ಎಂದರು. "ನೋಡ್ತಾನೇ ಇದ್ದೆ" ಎಂದೆ. ನಿಜವಾಗಿ ನಾಚಿಕೆಯಾಯಿತು.

ಸೋಮವಾರ ತರಗತಿಯಲ್ಲಿ ನಡೆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದೆ. ಸಂಗೀತಾ ಮತ್ತೆ ಎದ್ದು ನಿಂತು, "ಅವರೆಲ್ಲ ಯಾಕ ಒದರಿದ್ರು ಅನ್ನೋದು ಬಿಡ್ರಿ ಸರ. ನೀವ್ಯಾಕ ಒದರಲಿಲ್ಲ?" ಎಂದಳು. ಬೆಲ್ ಹೊಡೆಯಲು ಇನ್ನೂ ಇಪ್ಪತ್ತು ನಿಮಿಷವಿತ್ತು.

ಆಮೇಲಿಂದ ಕಾರಣ ಹುಡುಕುವುದನ್ನು ಬಿಟ್ಟು, ಇಳಿದ ಸ್ಟ್ಯಾಂಡ್ ಕಂಡಲ್ಲೆಲ್ಲ ಮೊದಲು ಕೂಗುತ್ತೇನೆ. ಮೊನ್ನೆ ನಾಲ್ಕನೇ ಬ್ಲಾಕಿನಲ್ಲಿ ಒಬ್ಬ ಸ್ಕೂಟರಿನ ಮೇಲೆ ಕೂತು ಕಡಲೆಕಾಯಿ ತಿನ್ನುತ್ತಿದ್ದ. ನಾನು ಗಾಡಿ ನಿಲ್ಲಿಸಿ, ಗಂಟಲು ಹರಿಯುವಂತೆ "ಸ್ಟ್ಯಾಂಡ್" ಎಂದು ಕೂಗಿದೆ. ಅವನು ನಿಧಾನವಾಗಿ ಸಿಪ್ಪೆ ಉದುರಿಸಿ, "ಅಂಕಲ್, ಗಾಡಿ ಪಾರ್ಕ್ ಮಾಡಿದೀನಿ" ಎಂದ.