ಗಾಳಿ ತೊಳೆದ ಪ್ರಜೋಷ್

ಎಲ್ಲರಿಗೂ ಅಕ್ಕನಂತಿದ್ದ ಕ್ಯಾಂಟೀನಿನ ತಂಗಮಣಿ ಚೇಚಿ ಬೆಳಿಗ್ಗೆ ಯಾರಿಗೋ ಒಂದು ಮೊಟ್ಟೆ ಪಪ್ಸ್ ಬಿಸಿ ಮಾಡಿಕೊಟ್ಟಳು. ಅಷ್ಟಕ್ಕೇ ಮೇಲಿನ ಪ್ರಯೋಗಶಾಲೆಯಲ್ಲಿ ಪ್ರಜೋಷನ ಜೀವ ಹಾರಿತು.

ಮಾಹಿತಿಯ ವೇಗ ತೋರಿಸುತ್ತ ಪರದೆಯ ಮೇಲೆ ನೆಟ್ಟಗೆ ಓಡುತ್ತಿದ್ದ ಅವನ ಹಸಿರು ಗೆರೆ, ಬಾವಿ ಇಣುಕುವವನಂತೆ ತಲೆ ಬಗ್ಗಿಸಿತ್ತು. ಮೈಕ್ರೋವೇವ್ ಒಲೆಯೂ ವೈಫೈಯೂ ಒಂದೇ ಗಾಳಿಯಲ್ಲಿ ಒಂದೇ ಶ್ರುತಿಯಲ್ಲಿ ಕೂಗುವ ಜಾತಿ. ಮಧ್ಯಾಹ್ನವೇ ಪಿಎಚ್.ಡಿ. ಪರೀಕ್ಷೆ. ಕೊಯಮತ್ತೂರಿನಿಂದ ವೆಂಕಟಾಚಲಂ ಸಾರ್ ಬರುವವರಿದ್ದರು. ಅವರು ಬಾಯಿ ತೆರೆದರೆ ಗೈಡುಗಳೂ ಬೆವರುತ್ತಾರೆಂದು ಪ್ರತೀತಿ. ಪ್ರಜೋಷನಿಗೆ ಸಿಕ್ಕಿದ್ದು ಕೊನೆಯ ಅವಕಾಶ. ಇಂದು ತಪ್ಪಿದರೆ ಪದವಿಯೇ ಇಲ್ಲ.

ವೈರಿಲ್ಲದ ಜಾಲದಲ್ಲಿ ಕೆಲಸ ಪದರಪದರವಾಗಿ ಹಂಚಿರುತ್ತದೆ. ಕೆಳಗಿನ ಪದರ ಗಾಳಿಯನ್ನು ಬಲ್ಲದು, ಮೇಲಿನದು ಮಾಹಿತಿ ಕಳಿಸುತ್ತದೆ. ಮುನಿಸಿಕೊಂಡ ಓರಗಿತ್ತಿಯರ ಹಾಗೆ ಇಬ್ಬರಿಗೂ ಮಾತಿಲ್ಲ. ಗಾಳಿ ಕೆಟ್ಟು ಒಂದೆರಡು ತುಣುಕು ಕಳೆದರೆ ಸಾಕು, ದಾರಿಯಲ್ಲಿ ನೂಕುನುಗ್ಗಲೆಂದು ಹೆದರಿ ಮೇಲಿನದು ಕಾಲೆಳೆಯತೊಡಗುತ್ತದೆ. ಪ್ರಜೋಷ್ ಅವರಿಬ್ಬರಿಗೆ ಮಾತು ಕಲಿಸಿದ್ದ. "ಗಾಳಿ ಕೆಟ್ಟಿದೆ ಅಷ್ಟೇ, ಹೆದರಬೇಡ, ನಡಿ" ಎಂದು ಕೆಳಗಿನದು ಮೇಲಿನದರ ಕಿವಿಯಲ್ಲಿ ಉಸುರುತ್ತಿತ್ತು. ಪ್ರಜೋಷನ ಕಿವಿಯಲ್ಲಿ ಹಾಗೆ ಉಸುರುವವರು ಯಾರೂ ಇರಲಿಲ್ಲ.

ಮೆಟ್ಟಿಲಿಗೊಂದರಂತೆ ನಾರಾಯಣ ನಾಮ ಹೇಳುತ್ತ ಕೆಳಗೋಡಿದ.

"ಚೇಚೀ, ನಿಮ್ಮ ಕಾಲಿಗೆ ಬೀಳ್ತೀನಿ. ಒಲೆ ಆಫ್ ಮಾಡಿ!"

"ಏನ್ ಮೋನೇ, ಏನ್ ಮಗನೇ, ಯಕ್ಷಿ ಕಂಡೋನ ಥರ ಬೆಳ್ಳಗಾಗಿದೀಯ? ಪಪ್ಸ್ ತಿನ್ನು, ಭಯ ಹೋಗುತ್ತೆ."

"ಅದೇ ಪಪ್ಸಿಂದ ನನ್ನ ಪದವಿ ಹೋಗುತ್ತೆ!"

ಚೇಚಿ ಎದೆ ಮುಟ್ಟಿಕೊಂಡಳು. "ಅಯ್ಯೋ ಭಗವತೀ! ಇವತ್ತು ನಾನು ಈ ಒಲೆಗೆ ಕೈ ಹಚ್ಚಿದ್ರೆ ಕೇಳು!"

ಅಲ್ಲೇ ಚಾಯ ಕುಡಿಯುತ್ತಿದ್ದ ಹಾಸ್ಟೆಲ್ ಕಾರ್ಯದರ್ಶಿ ಜಿಂಟೋ ಕುರ್ಚಿ ಎಳೆದುಕೊಂಡು ಬಂದ. ಪರರ ಕಷ್ಟವೆಂದರೆ ಅವನಿಗೆ ಹಬ್ಬದೂಟ.

"ಒಲೆ ಒಂದೇ ಸಾಕೇನೋ ಪೆದ್ದಾ? ಹಾಸ್ಟೆಲ್ ತುಂಬ ಫೋನು, ಎಲ್ಲವೂ ಅದೇ ವೈಫೈನಲ್ಲಿ. ಅದನ್ನೆಲ್ಲ ಯಾರು ಮುಚ್ಚಿಸ್ತಾರೆ, ನಿನ್ನ ತಾತನಾ?"

ಪ್ರಜೋಷ್ ಅವನ ಕೈ ಹಿಡಿದುಕೊಂಡ. "ಜಿಂಟೋ ಚೇಟ್ಟಾ, ಅಣ್ಣಾ, ಏನಾದ್ರೂ ಮಾಡಿ."

"ನಂಗೆ ಬಿಡು. ನೀನು ಮುಖ ತೊಳ್ಕೋ."

ಮಧ್ಯಾಹ್ನದ ಹೊತ್ತಿಗೆ ಗಾಳಿ ಗರ್ಭಗುಡಿಯಷ್ಟು ನಿರ್ಮಲವಾಗಿತ್ತು. ವೆಂಕಟಾಚಲಂ ಸಾರ್ ಕನ್ನಡಕ ಒರೆಸಿ ಕುಳಿತರು. ಪ್ರಜೋಷ್ ಗುಂಡಿ ಒತ್ತಿದ. ಹಸಿರು ಗೆರೆ ನೂಲು ಹಿಡಿದಂತೆ ಎದ್ದು ನಿಂತಿತು. ಅವನ ಕಣ್ಣು ತುಂಬಿ ಬಂತು.

"ಚೆನ್ನಾಗಿದೆಯಪ್ಪಾ. ಈಗ ಹಳೇ ಪದ್ಧತೀದು ಹಾಕು, ಪಕ್ಕದಲ್ಲಿ."

ಕೆಂಪು ಗೆರೆ ಎದ್ದಿತು. ಹಸಿರಿನ ಮೇಲೆಯೇ ಬಂದು ಮಲಗಿತು. ಕೂದಲೆಳೆಯ ಅಂತರವೂ ಇಲ್ಲ.

"ಎರಡೂ ಒಂದೇ ಅಲ್ವೇನಪ್ಪಾ?" ಸಾರ್ ಮೆತ್ತಗೆ ಕೇಳಿದರು. "ಹಳೇದೇ ಇಷ್ಟು ಚೆನ್ನಾಗಿ ಓಡ್ತಿರುವಾಗ ನೀನು ಇಷ್ಟು ವರ್ಷ ಮಾಡಿದ್ದೇನು?"

ಪ್ರಜೋಷನಿಗೆ ಆಗ ಹೊಳೆಯಿತು. ಬೆಳಿಗ್ಗೆ ಅವನು ನೋಡಿದ್ದು ತನ್ನ ಗೆರೆಯನ್ನೊಂದೇ. ಒಲೆ ಉರಿದಾಗ ತನ್ನದು ತಲೆಯನ್ನಷ್ಟೇ ಬಗ್ಗಿಸಿತ್ತು. ಹಳೆಯದನ್ನು ಓಡಿಸಿದ್ದರೆ ಅದು ನೆಲಕಚ್ಚುತ್ತಿತ್ತು. ಗಾಳಿ ಕೆಟ್ಟರೆ ಮಾತ್ರ ಅವನ ವಿದ್ಯೆಗೆ ಬೆಲೆ. ಆ ಗಾಳಿಯನ್ನು ಅವನೇ ತೊಳೆಸಿ ಇಟ್ಟಿದ್ದ.

"ಸಾರ್, ಗದ್ದಲ ಇದ್ದರೆ ವ್ಯತ್ಯಾಸ ಕಾಣುತ್ತೆ! ಒಂದು ನಿಮಿಷ!"

"ತೋರಿಸು. ನನ್ನ ರೈಲಿಗೆ ಹೊತ್ತಾಗ್ತಿದೆ."

ಅವನು ಕ್ಯಾಂಟೀನಿಗೆ ಬಿದ್ದೆದ್ದು ಓಡಿದ. "ಚೇಚೀ, ಒಲೆ ಹಚ್ಚಿ! ಬೇಗ!"

"ಪಾಪ, ಹೆದರಿಕೇಲಿ ಏನೇನೋ ಮಾತಾಡ್ತಿದೀಯ. ಹಚ್ಚೋಕೆ ಆಗಲ್ಲ ಮೋನೇ. ಯಾರಾದ್ರೂ ಕದ್ದು ಹಚ್ಚಿಯಾರು ಅಂತ ವೈರನ್ನೇ ಕತ್ತರಿಸಿಬಿಟ್ಟೆ."

"ಜಿಂಟೋ ಚೇಟ್ಟಾ! ಹುಡುಗರಿಗೆ ಫೋನ್ ಆನ್ ಮಾಡೋಕೆ ಹೇಳಿ!"

ಜಿಂಟೋ ಮೀಸೆ ತಿರುವಿದ. "ಯಾವ ಹುಡುಗರು? ಅರ್ಧ ಜನರನ್ನ ಮ್ಯಾಟಿನಿಗೆ ಅಟ್ಟಿದೆ. ಇನ್ನರ್ಧ ಜನ ಸಮುದ್ರ ನೋಡೋಕೆ ಬಸ್ ಹತ್ತಿದ್ರು. ಇಡೀ ಹಾಸ್ಟೆಲಲ್ಲಿ ಒಂದು ಫೋನಿದ್ರೆ ನನ್ನ ಹೆಸರು ಬದಲಾಯಿಸು!"

ಪೋರ್ಟಿಕೋದಲ್ಲಿ ಕಾರಿನ ಬಾಗಿಲು ಮುಚ್ಚಿದ ಸದ್ದಾಯಿತು. ವೆಂಕಟಾಚಲಂ ಸಾರ್ ಹೊರಟುಹೋದರು. ಆ ಸದ್ದು ಬಿಟ್ಟರೆ ಇಡೀ ಕಾಲೇಜಿನಲ್ಲಿ ಒಂದು ಎಲೆಯೂ ಅಲುಗುತ್ತಿರಲಿಲ್ಲ.

ಮೆಟ್ಟಿಲ ಮೇಲೆ ಕುಸಿದ ಪ್ರಜೋಷನ ಬೆನ್ನು ಸವರುತ್ತ ತಂಗಮಣಿ ಚೇಚಿ ಕಕ್ಕುಲತೆಯಿಂದ ಕೇಳಿದಳು:

"ಹೇಳು ಮೋನೇ, ಇನ್ನೂ ಏನಾದ್ರೂ ಆಫ್ ಮಾಡಬೇಕಾ?"